ಸ್ವಲ್ಪ ಸುಸ್ತು

ಅಕ್ಟೋಬರ್ 1, 1984, ಸೋಮವಾರ

ಈ ಡೈರಿ ಐಸ್ ಕಾರ್ಖಾನೆಯವರು ಕಳೆದ ಕ್ರಿಸ್‌ಮಸ್‌ಗೆ ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ತಲೆಯಲ್ಲಿ ಉಬ್ಬರ ಇಳಿತದ ಹೊತ್ತು ಅಚ್ಚಾಗಿದೆ. ಇಷ್ಟು ದಿನ ಇದು ಅಡುಗೆಮನೆ ಮೇಜಿನ ಕುಂಟು ಕಾಲಿನ ಕೆಳಗಿತ್ತು. ಇವತ್ತು ಎಳೆದು ತೆಗೆದೆ. ಈಗ ಮೇಜು ಕುಂಟುತ್ತಿದೆ, ನಾನು ಬರೆಯುತ್ತಿದ್ದೇನೆ. ಹದಿನೈದಕ್ಕೇ ಶಾಲೆ ಬಿಟ್ಟವನು ನಾನು. ನನ್ನ ಅಕ್ಷರ ನೋಡಿ ಮೇಷ್ಟರು, ಏಡಿಗೆ ಮಸಿ ಹಚ್ಚಿ ಓಡಿಸಿದೆಯಾ ಅಂದಿದ್ದರು. ಇರಲಿ, ಓದುವವರು ಯಾರಿದ್ದಾರೆ.

ಬರೆಯಲು ಕಾರಣ ಒಂದೇ. ಇವತ್ತು ಇಡೀ ದಿನ ಮೀನು ಸೀಳುವ ಶೆಡ್ಡಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಗ್ರಿಮ್ಸ್‌ಬಿಯ ಬಂದರಿನ ಮೀನು ಧಕ್ಕೆಯಲ್ಲಿ ಕ್ಲಿಫ್ ಬಂದ ಅಂದರೆ ಜನ ನಾನು ಬಾಯಿ ತೆರೆಯುವ ಮೊದಲೇ ನಗಲು ಶುರು ಮಾಡುತ್ತಿದ್ದರು. ಆಡಿದ ಮಾತಿಗೆ ಎದುರು ಮಾತು ಬರದಿದ್ದರೆ ಅದು ಹೊಟ್ಟೆಯಲ್ಲೇ ಉಳಿದು ಹುಳಿಯಾಗುತ್ತದೆ. ಅದಕ್ಕೇ ಇಲ್ಲಿ ಸುರಿಯುತ್ತಿದ್ದೇನೆ.

ನಡೆದದ್ದನ್ನು ನೇರವಾಗಿ ಬರೆಯುತ್ತೇನೆ. ನನ್ನ ಪಕ್ಕದ ಹಲಗೆಯಲ್ಲಿ ಮೀನು ಸೀಳುವವನು ವಿಲ್ಫ್ ಡ್ರೂರಿ. ಮೀಸೆ ಮೂಡುವ ಮೊದಲಿನಿಂದ ನಾವಿಬ್ಬರೂ ಒಂದೇ ಸಾಣೆಕಲ್ಲಿನಲ್ಲಿ ಚಾಕು ಮಸೆದವರು. ಅವನ ಒಬ್ಬನೇ ಮಗ ಕೀತ್ ಬೋಟಿಗೆ ಹೋಗುತ್ತಿದ್ದ. ಕಡಲಿಗೆ ಹೊರಡುವವರಿಗೆ ನಮ್ಮಲ್ಲಿ ಹೋಗಿ ಬಾ ಅನ್ನುವಂತಿಲ್ಲ, ಕೈ ಬೀಸುವಂತಿಲ್ಲ. ಬೀಸಿದ ಕೈ ಅಲೆಯನ್ನು ಕರೆಯುತ್ತದಂತೆ. ಅದಕ್ಕೆ ಕೀತ್ ಹೊರಡುವ ದಿನ ಶೆಡ್ಡಿನ ತಗಡಿಗೆ ಹೊರಗಿನಿಂದ ಎರಡು ಸಲ ಬಡಿದು ಹೋಗುತ್ತಿದ್ದ. ಟಣ್, ಟಣ್. ಒಳಗೆ ವಿಲ್ಫ್ ತಲೆ ಎತ್ತದೆ ಹ್ಞೂಂ ಅನ್ನುತ್ತಿದ್ದ. ಅಪ್ಪ ಮಗನ ಬೀಳ್ಕೊಡುಗೆ ಅಷ್ಟೇ.

ಇನ್ನೊಂದು ಕಟ್ಟುಪಾಡು ಇದೆ. ಹಂದಿ ಅನ್ನುವಂತಿಲ್ಲ. ಬೋಟಿನಲ್ಲಂತೂ ಇಲ್ಲವೇ ಇಲ್ಲ, ಧಕ್ಕೆಯಲ್ಲೂ ಇಲ್ಲ. ಅಂದರೆ ಕಡಲು ಮುನಿಯುತ್ತದೆ. ಬಾಯಿ ತಪ್ಪಿದರೆ ಓಡಿ ಹೋಗಿ ತಣ್ಣನೆ ಕಬ್ಬಿಣ ಮುಟ್ಟಬೇಕು. ಹೇಳಲೇಬೇಕಾದರೆ ಡೊಂಕು ಬಾಲದವನು ಅನ್ನುತ್ತಾರೆ. ಬೆಳಗ್ಗೆ ಎರಡು ಬ್ರೆಡ್ಡಿನ ನಡುವೆ ಹಂದಿಯನ್ನೇ ಇಟ್ಟು ತಿನ್ನುತ್ತಾರೆ, ಹೆಸರು ಮಾತ್ರ ಹೇಳುವುದಿಲ್ಲ. ಹೆಂಡತಿಯ ಹೆಸರು ಹೇಳದೆ ಅವಳ ಕೈ ಅಡುಗೆ ತಿಂದ ಹಾಗೆ. ನನಗೆ ಇದು ಯಾವಾಗಲೂ ನಗು. ಹಂದಿ, ಹಂದಿ, ಹಂದಿ. ಬರೆದೆ. ಮೇಜು ಕುಂಟಿತು, ಅಷ್ಟೇ.

ಕಳೆದ ತಿಂಗಳು ಕೀತ್ ಹೊರಡುವ ದಿನ ಅವನ ಚೀಲ ಬಾಗಿಲ ಬಳಿ ಇತ್ತು. ಸಂತೆಯಲ್ಲಿ ಕೊಂಡ ಒಂದು ರಬ್ಬರ್ ಹಂದಿ ನನ್ನ ಬಳಿ ಇತ್ತು, ಗುಲಾಬಿ ಬಣ್ಣದ್ದು, ಒತ್ತಿದರೆ ಕುಯ್ ಅನ್ನುತ್ತದೆ. ಅದನ್ನು ಚೀಲದ ತಳದಲ್ಲಿ, ಉಣ್ಣೆ ಕಾಲುಚೀಲದೊಳಗೆ ತುರುಕಿದೆ. ವಾಪಸು ಬಂದವನು ಎಷ್ಟು ಬೈಯುತ್ತಾನೋ ಕೇಳೋಣ ಅಂತ.

ಅವನು ವಾಪಸು ಬರಲಿಲ್ಲ. ಬಲೆಯ ಹಗ್ಗ ಕಾಲಿಗೆ ಸುತ್ತಿ ಎಳೆದುಕೊಂಡು ಹೋಯಿತು. ಹೆಣವೂ ಸಿಗಲಿಲ್ಲ. ಚೀಲ ಬಂತು. ವಿಲ್ಫ್‌ನ ಹೆಂಡತಿ ಎಡ್ನಾ ಒಂದೊಂದೇ ಬಟ್ಟೆ ತೆಗೆದು ಎದೆಗೆ ಒತ್ತಿಕೊಂಡಳಂತೆ. ಕಾಲುಚೀಲ ಒತ್ತಿಕೊಂಡಾಗ ಅದು ಕುಯ್ ಅಂದಿತಂತೆ.

ಇದನ್ನು ನನ್ನ ಹೆಂಡತಿ ಬೆರಿಲ್ ಮೀನು ಕರಿಯುವ ಅಂಗಡಿಯ ಸಾಲಿನಲ್ಲಿ ನಿಂತಾಗ ಕೇಳಿಕೊಂಡು ಬಂದಳು. ಅಂಥ ಆಟಿಕೆ ಇಡುವವನು ಊರಿಗೆ ಒಬ್ಬನೇ. ಎಲ್ಲರಿಗೂ ಗೊತ್ತು.

ಒಂದು ವಾರ ಹೀಗಿರುತ್ತದೆ, ಆಮೇಲೆ ಸರಿಹೋಗುತ್ತದೆ. ದುಃಖದ ಮನೆ.

ಅಕ್ಟೋಬರ್ 4

ಸರಿಹೋಗುವ ಲಕ್ಷಣವಿಲ್ಲ. ನಮ್ಮಲ್ಲಿ ಇದಕ್ಕೆ ಕಾವೆಂಟ್ರಿಗೆ ಕಳಿಸುವುದು ಅನ್ನುತ್ತಾರೆ. ಮನುಷ್ಯನನ್ನು ಊರಲ್ಲೇ ಇಟ್ಟುಕೊಂಡು ಊರು ಬಿಡಿಸುವುದು. ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವನಿದ್ದ ಕಡೆ ಗಾಳಿ ಇದೆ ಅಂದುಕೊಳ್ಳುವುದು. ಮುಷ್ಕರ ಮುರಿದವನಿಗೆ, ಮೇಲಿನವರ ಕಿವಿ ಕಚ್ಚಿದವನಿಗೆ ಇದು ಶಿಕ್ಷೆ. ಆಟಿಕೆ ಇಟ್ಟವನಿಗೆ ಅಂತ ಕೇಳಿದ್ದು ಇದೇ ಮೊದಲು.

ಕಾವೆಂಟ್ರಿ ನಿಜವಾದ ಊರು. ಒಮ್ಮೆ ಫುಟ್‌ಬಾಲ್ ನೋಡಲು ಹೋಗಿದ್ದೆ. ಅಲ್ಲಿ ಎಲ್ಲರೂ ಚೆನ್ನಾಗಿ ಮಾತಾಡುತ್ತಿದ್ದರು. ನನ್ನ ಟೋಪಿಯ ಬಗ್ಗೆ ಒಬ್ಬನು ಆಡಿದ ಮಾತು ಈಗಲೂ ನೆನಪಿದೆ.

ಅಕ್ಟೋಬರ್ 9

ಚಹಾ ಮಾಡುವುದು ಶೆಡ್ಡಿನಲ್ಲಿ ಸರದಿಯ ಮೇಲೆ. ಯಾರ ಸರದಿಯೋ ಅವನು ಎಲ್ಲರ ಲೋಟ ತುಂಬುತ್ತಾನೆ. ನನ್ನದು ಹಿಡಿ ಮುರಿದ ನೀಲಿ ಲೋಟ. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗಿನ ಜಾಗ ಒರೆಸಿ, ಮತ್ತೆ ಅಲ್ಲೇ ಖಾಲಿ ಇಡುತ್ತಾರೆ. ಆ ಒರೆಸುವುದು ನೋಡಬೇಕು. ಎಷ್ಟು ಅಚ್ಚುಕಟ್ಟು.

ನಾನು ಇವತ್ತು ಮೀನುಗಳಿಗೆ ಜೋಕು ಹೇಳಿದೆ. ಕಾಡ್ ಮೀನು ಬಾಯಿ ತೆರೆದುಕೊಂಡೇ ಇರುತ್ತದೆ, ಒಳ್ಳೆ ಕೇಳುಗ. ಹ್ಯಾಡಕ್ ಮೀನಿಗೆ ಹಾಸ್ಯಪ್ರಜ್ಞೆ ಕಡಿಮೆ.

ವಿಲ್ಫ್ ನನ್ನ ಮೊಣಕೈಗೆ ಅವನ ಮೊಣಕೈ ತಗುಲುವಷ್ಟು ಹತ್ತಿರ. ಸಾಣೆಕಲ್ಲು ನಮ್ಮಿಬ್ಬರ ನಡುವೆ. ನಾನು ಮಸೆದು ಇಡುತ್ತೇನೆ, ಅವನು ಸ್ವಲ್ಪ ಕಾದು, ನೀರು ಸುರಿದು ತೊಳೆದು, ಆಮೇಲೆ ಮಸೆಯುತ್ತಾನೆ.

ಅಕ್ಟೋಬರ್ 16, ಮಂಗಳವಾರ

ಶನಿವಾರ ನಮ್ಮೂರ ತಂಡ ಸೋತಿತು. ಎರಡು ದಿನದಿಂದ ಶೆಡ್ಡಿನಲ್ಲಿ ಅದೇ ಮಾತು. ಒಬ್ಬ ನನ್ನ ಕರುಳು ಕಿತ್ತ ಹಾಗಾಗಿದೆ ಅಂದ. ಇನ್ನೊಬ್ಬ ತಳಕ್ಕೆ ಮುಳುಗಿಬಿಟ್ಟೆ ಅಂದ. ಮತ್ತೊಬ್ಬನ ಹಾಯಿಯ ಗಾಳಿ ಹೋಗಿತ್ತು. ನಮ್ಮ ಇಂಗ್ಲಿಷಿನವರ ಬಾಯಲ್ಲಿ ಮನಸ್ಸು ಮುರಿದರೆ ಬರುವುದೆಲ್ಲ ಮೀನಿನ ಮಾತು, ಹಡಗಿನ ಮಾತು. ಕಡಲನ್ನೇ ಕಾಣದ ಬ್ಯಾಂಕಿನವನೂ ಹಾಗೇ ಅನ್ನುತ್ತಾನೆ. ಕರುಳು ತೆಗೆದ ಮೀನು ದಿನಾ ನನ್ನ ಕೈಯಲ್ಲೇ ಇರುತ್ತದೆ. ಬೋಟಿನಲ್ಲೇ ಬಗೆದು, ತೊಳೆದು, ಐಸಿನಲ್ಲಿಟ್ಟು ಕಳಿಸಿರುತ್ತಾರೆ. ಅದಕ್ಕೆ ಬೇಜಾರಾದ ಹಾಗೆ ನನಗಂತೂ ಕಂಡಿಲ್ಲ. ಈ ಜೋಕು ಬಾಯಿತನಕ ಬಂತು. ಹೇಳಲು ಯಾರೂ ಇರಲಿಲ್ಲ.

ಬೆರಿಲ್ ಮೀನು ಕಟ್ಟುವ ಕಾರ್ಖಾನೆಯಲ್ಲಿ ಡಬ್ಬಿಗೆ ಮುಚ್ಚಳ ಹಾಕುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಮುಚ್ಚಳ. ಆತ್ಮ ಕೊಲ್ಲೋ ಕೆಲಸ ಕಣೋ, ಅನ್ನುತ್ತಾಳೆ ಬಂದು ಬೂಟು ಬಿಚ್ಚುತ್ತಾ, ಮತ್ತೆ ರೇಡಿಯೋ ಹಾಕಿ ಕುಣಿಯುತ್ತಾಳೆ. ಎಷ್ಟೋ ವರ್ಷದಿಂದ ಹೀಗೆ. ಕೊಂದರೂ ಸಾಯದ ಆತ್ಮ ಅವಳದ್ದು.

ಮಧ್ಯಾಹ್ನ ಬೆಸ್ತರ ಮಿಷನ್ನಿನ ಪಾದ್ರಿ ಬಂದಿದ್ದರು. ವಿಲ್ಫ್‌ನ ಭುಜದ ಮೇಲೆ ಕೈಯಿಟ್ಟು, ಹೇಗಿದ್ದೀಯಪ್ಪ ಅಂತ ಕೇಳಿದರು. ನಾನು ಚಾಕು ನಿಲ್ಲಿಸಿದೆ. ಕರುಳು ಅನ್ನುತ್ತಾನೋ, ತಳ ಅನ್ನುತ್ತಾನೋ.

"ಸ್ವಲ್ಪ ಸುಸ್ತು," ಅಂದ ವಿಲ್ಫ್. "ಅಷ್ಟೇ."

ಪಾದ್ರಿ ತಲೆಯಾಡಿಸಿ ಹೋದರು. ಚೆಂಡು ಗೋಲಿಗೆ ಬೀಳದಿದ್ದರೆ ನಮ್ಮ ಜನಕ್ಕೆ ಕರುಳು ಕೀಳುತ್ತದೆ. ಮಗ ಹೋದರೆ ಸುಸ್ತು. ನನಗೆ ಈ ಲೆಕ್ಕ ಇವತ್ತಿನವರೆಗೆ ಹೊಳೆದಿರಲಿಲ್ಲ.

ಡೊಂಕು ಬಾಲದ್ದು ಈಗ ಎಲ್ಲಿದೆಯೋ. ಎಡ್ನಾ ಎಸೆದಿರಬೇಕು.

ಅಕ್ಟೋಬರ್ 26

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಈಗ ಹಾಗೇ ಬರುತ್ತೇನೆ. ಎಲ್ಲರೂ ಇರುವಾಗ ಬಾಗಿಲು ತೆರೆದು ಒಳಗೆ ಹೋದರೆ ಮಾತು ನಿಲ್ಲುವುದು ಕೇಳಿಸುತ್ತದೆ. ಮೊದಲೇ ಇದ್ದರೆ ಅದು ಶುರುವೇ ಆಗುವುದಿಲ್ಲ.

ಏಪ್ರನ್ ಕಟ್ಟಿಕೊಳ್ಳುತ್ತಿದ್ದೆ. ಹೊರಗಿನಿಂದ ತಗಡಿಗೆ ಟಣ್, ಟಣ್.

ಗಾಳಿ. ಅಥವಾ ಐಸ್ ಜಾರಿರಬೇಕು. ಹೊರಗೆ ಹೋಗಿ ನೋಡಿದೆ. ಸೀಗಲ್ ಹಕ್ಕಿಯೊಂದು ನನ್ನನ್ನು ನೋಡಿ ತಲೆ ತಿರುಗಿಸಿಕೊಂಡಿತು. ಅದಕ್ಕೂ ಯಾರೋ ಹೇಳಿಕೊಟ್ಟಿದ್ದಾರೆ.

ಅಕ್ಟೋಬರ್ 30

ಮತ್ತೆ ಬಡಿತ. ಗಾಳಿ ಇರಲಿಲ್ಲ.

ನವೆಂಬರ್ 6

ಬೆರಿಲ್ ಕೇಳಿದಳು, ಹೋಗಿ ವಿಲ್ಫ್‌ನ ಕೈ ಹಿಡಿದು ತಪ್ಪಾಯ್ತು ಅನ್ನಬಾರದಾ ಅಂತ. ಹೋಗಿದ್ದೆ. ಇಲ್ಲಿ ಬರೆದಿಲ್ಲ. ಎರಡನೇ ವಾರವೇ ಅವರ ಬೀದಿಗೆ ಹೋಗಿ ಬಾಗಿಲು ತಟ್ಟಿದೆ. ಎಡ್ನಾ ತೆರೆದಳು. ಏನೋ ಒಂದು ನಗುವಿನ ಮಾತಿನಿಂದ ಶುರು ಮಾಡೋಣ ಅಂತ ಬಾಯಿ ತೆರೆದೆ, ಅದು ನನ್ನ ಅಭ್ಯಾಸ, ಬೇರೆ ಬಾಗಿಲು ನನಗೆ ಗೊತ್ತಿಲ್ಲ. ಅವಳ ಹಿಂದೆ ಗೂಟದಲ್ಲಿ ಕೀತ್‌ನ ಕೋಟು ತೂಗುತ್ತಿತ್ತು. ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡು ಬಂದೆ.

ಈಗ ಒಂದು ಉಪಾಯ ಹೊಳೆದಿದೆ. ಒಳ್ಳೆಯದು. ಈ ವರ್ಷದ ಬೆಸ್ಟ್. ಬೆರಿಲ್‌ಗೆ ಹೇಳಿದೆ, ಅವಳು ಮೊದಲು ನಕ್ಕು ಆಮೇಲೆ ನನ್ನ ಹಣೆ ಮುಟ್ಟಿ ನೋಡಿದಳು.

ನವೆಂಬರ್ 10, ಶನಿವಾರ

ಕಾವೆಂಟ್ರಿಯಿಂದ ಬರೆಯುತ್ತಿದ್ದೇನೆ. ಕಳಿಸಿದ ಮೇಲೆ ಹೋಗದಿದ್ದರೆ ಹೇಗೆ? ಗಾಡಿ ಬದಲಿಸಿ ಬದಲಿಸಿ ಬಂದಿಳಿದು, ಅಂಗಡಿಯಲ್ಲಿ ಊರ ಚಿತ್ರವಿರುವ ಒಂದು ಕಾರ್ಡು ಕೊಂಡೆ. ಶೆಡ್ಡಿನ ವಿಳಾಸಕ್ಕೆ ಬರೆದೆ: "ಸುಖವಾಗಿ ತಲುಪಿದೆ. ಊರು ಚೆನ್ನಾಗಿದೆ. ನೀವು ಕಳಿಸಿದವರೆಲ್ಲ ಇಲ್ಲೇ ಇದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಕ್ಲಿಫ್." ಡಬ್ಬಕ್ಕೆ ಹಾಕಿದ ಮೇಲೆ ಅಲ್ಲೇ ನಿಂತು ಒಬ್ಬನೇ ನಕ್ಕೆ. ನಗು ಸರಿಯಾಗಿ ಬರಲಿಲ್ಲ, ಬಹಳ ದಿನದಿಂದ ತೆರೆಯದ ಬಾಗಿಲಿನ ಹಾಗೆ ಕಿರುಗುಟ್ಟಿತು.

ಇಲ್ಲಿ ಯುದ್ಧದಲ್ಲಿ ಬಾಂಬು ಬಿದ್ದ ದೊಡ್ಡ ಚರ್ಚು ಇದೆ. ಗೋಡೆಗಳಿವೆ, ಮೇಲೆ ಚಾವಣಿ ಇಲ್ಲ. ಕಿಟಕಿಗಳಲ್ಲಿ ಗಾಜಿಲ್ಲ, ಬರೀ ಆಕಾಶ. ಒಳಗೇ ಮಳೆ ಬೀಳುತ್ತದೆ. ಅದನ್ನು ಕೆಡವಲೂ ಇಲ್ಲ, ಕಟ್ಟಲೂ ಇಲ್ಲ, ಹಾಗೇ ಇಟ್ಟುಕೊಂಡಿದ್ದಾರೆ. ಅಲ್ಲಿ ಒಂದು ಬೆಂಚಿನ ಮೇಲೆ ಕೂತೆ.

ಒಬ್ಬ ಮುದುಕಿ ಬಂದು, "ಇಲ್ಲಿ ಯಾರಾದ್ರೂ ಕೂತಿದಾರೇನಪ್ಪಾ?" ಅಂದಳು.

ಹೊರಗಿನವರು ನನ್ನ ಜೊತೆ ಮಾತಾಡಿ ಎಷ್ಟು ದಿನವಾಗಿತ್ತು. ಉತ್ತರ ನಾಲಿಗೆಯ ಮೇಲಿತ್ತು, ಅದೂ ಒಳ್ಳೆಯದೇ: ಅಮ್ಮಾ, ನಾನೇ ಇದ್ದೀನೋ ಇಲ್ಲವೋ ಅಂತ ವಿಚಾರಣೆ ನಡೀತಿದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಸರಿದು ಜಾಗ ಕೊಟ್ಟೆ. ಅವಳು ಕೂತು, ಬ್ರೆಡ್ಡು ಚೂರು ಮಾಡಿ ಪಾರಿವಾಳಕ್ಕೆ ಹಾಕಿ, ಏಳುವಾಗ ಹೇಳಿದಳು, "ಎಷ್ಟು ಸೌಮ್ಯ ಮನುಷ್ಯ ನೀನು."

ನನ್ನನ್ನು ಜೀವಮಾನದಲ್ಲಿ ಯಾರೂ ಹಾಗೆ ಅಂದಿಲ್ಲ. ಬೆರಿಲ್‌ಗೆ ಹೇಳಿದರೆ ಕುರ್ಚಿಯಿಂದ ಬೀಳುತ್ತಾಳೆ.

ನವೆಂಬರ್ 11

ಬೆರಿಲ್‌ಗೆ ಹೇಳಲಿಲ್ಲ. ಯಾಕೋ ನೆನಪಾಗಲಿಲ್ಲ.

ನವೆಂಬರ್ 14

ಕಾರ್ಡು ಬಂತು. ಅಂಚೆಯವನು ತಂದಿಟ್ಟ. ಕೈಯಿಂದ ಕೈಗೆ ಹೋಯಿತು. ಓದಿದವರು ಓದಿದ ಹಾಗೆ ಕಾಣದಂತೆ ಮುಖ ಇಟ್ಟುಕೊಂಡರು. ಒಬ್ಬನ ತುಟಿ ಅದುರಿತು, ಕೂಡಲೇ ಕೆಮ್ಮಿದ. ಕೊನೆಗೆ ವಿಲ್ಫ್‌ನ ಕೈಗೆ ಬಂತು. ಅವನು ಒದ್ದೆ ಕೈ ಒರೆಸಿಕೊಂಡು ತೆಗೆದುಕೊಂಡ. ಬಹಳ ಹೊತ್ತು ಓದಿದ, ಚಿತ್ರ ತಿರುಗಿಸಿ ನೋಡಿದ. ಏಪ್ರನ್ನಿನ ಒಳಗೆ ಅಂಗಿ ಜೇಬಿಗೆ ಹಾಕಿಕೊಂಡ. ಆಮೇಲೆ ಮೀನು.

ಸಂಜೆ ಬೆರಿಲ್ ಕಾದಿದ್ದಳು ಏನಾಯ್ತು ಅಂತ ಕೇಳಲು. ಏನೂ ಆಗಲಿಲ್ಲ ಅಂದೆ.

ನವೆಂಬರ್ 20

ಇವತ್ತು ಎರಡು ಬೋಟು ಹೊರಟವು. ಮನೆಗೆ ಬಂದರೆ ಬೆರಿಲ್ ಬಟ್ಟೆ ನೆನೆಸಿದ್ದಾಳೆ. ಬೋಟು ಹೊರಟ ದಿನ ಬಟ್ಟೆ ಒಗೆದರೆ ಕಡಲಲ್ಲಿದ್ದವನನ್ನು ಅಲೆ ತೊಳೆದುಕೊಂಡು ಹೋಗುತ್ತದೆ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ನೀರು ಚೆಲ್ಲಿಸಿದೆ.

"ನಮ್ಮೋರು ಯಾರೋ ಕಡಲಲ್ಲಿರೋದು?" ಅಂದಳು ಅವಳು.

ಯಾರದೋ ಮನೆಯವರು ಇದ್ದೇ ಇರುತ್ತಾರಲ್ಲ. ಅಷ್ಟೂ ಯೋಚನೆ ಬೇಡವೇ.

ಬೆಳಗಿನ ಬ್ರೆಡ್ಡಿನ ನಡುವೆ ಇಡುವ ಬೇಕನ್ ಮಾಂಸವನ್ನೂ ಬೇಡ ಅಂದೆ. ಹೊಟ್ಟೆಗೆ ಒಗ್ಗುತ್ತಿಲ್ಲ.

ನವೆಂಬರ್ 23

ಬೆರಿಲ್ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಎಳೆಯ ಡಾಕ್ಟರು, ಕೈ ಬಹಳ ಬಿಳಿ. ಏನಾಗುತ್ತಿದೆ ಅಂತ ಕೇಳಿದರು. ಕರುಳು, ಹಾಯಿ, ತಳ, ಎಲ್ಲ ಮಾತೂ ಒಂದೊಂದಾಗಿ ನೆನಪಿಗೆ ಬಂತು. ಯಾವುದೂ ನನ್ನ ಅಳತೆಗೆ ಹೊಲಿದದ್ದಲ್ಲ. ಸಂತೆಯಲ್ಲಿ ಕೋಟು ಹಾಕಿ ನೋಡಿದ ಹಾಗೆ ಹಾಕಿ ತೆಗೆದು ಇಟ್ಟೆ. ಬೆರಿಲ್ ನನ್ನ ಪರವಾಗಿ ಹೇಳಿದಳು: ಇವನು ಜೋಕು ಮಾಡ್ತಿಲ್ಲ ಡಾಕ್ಟ್ರೇ. ಡಾಕ್ಟರು ಅದೇನು ಕಾಯಿಲೆಯೋ ಎಂಬಂತೆ ನೋಡಿದರು. ನಿದ್ದೆಗೆ ಮಾತ್ರೆ ಕೊಟ್ಟರು.

ನವೆಂಬರ್ 27

ಮಾತ್ರೆ ತೆಗೆದುಕೊಂಡರೆ ಬೆಳಗಿನ ಬಡಿತ ಕೇಳುವುದಿಲ್ಲ. ನಿಲ್ಲಿಸಿದೆ.

ಡಿಸೆಂಬರ್ 3, ಸೋಮವಾರ

ಬೆರಿಲ್ ಊಟದ ತಟ್ಟೆ ಇಟ್ಟು ನನ್ನ ಎದುರಿಗೆ ಕೂತಳು. ಕಾರ್ಖಾನೆಯ ಸುದ್ದಿ ಹೇಳಿದಳು, ಅವಳ ತಂಗಿಯ ಸುದ್ದಿ, ಟೀವಿಯಲ್ಲಿ ಗಣಿಯವರ ಮುಷ್ಕರದ ಸುದ್ದಿ. ಹೇಳಿ ಹೇಳಿ ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ಅವರು ನಿನ್ನನ್ನ ಕಾವೆಂಟ್ರಿಗೆ ಕಳಿಸಿದ್ರು, ಸರಿ. ನೀನ್ಯಾಕೆ ನನ್ನನ್ನ ಕಳಿಸ್ತೀಯಾ ಕ್ಲಿಫ್?"

ನಾನು ಕೇಳಿಸಿಕೊಳ್ಳುತ್ತಲೇ ಇದ್ದೆ. ಕೇಳಿಸಿಕೊಳ್ಳುವುದೂ ಒಂದು ಮಾತೇ ಅಲ್ಲವಾ. ಹೆಂಗಸರಿಗೆ ಎಲ್ಲದಕ್ಕೂ ಉತ್ತರ ಬೇಕು.

ಅವಳು ರೇಡಿಯೋ ಹಾಕಲಿಲ್ಲ. ಮೇಜು ಕುಂಟುತ್ತದೆ ಅಂತ ಮಡಿಸಿದ ರಟ್ಟು ಇಟ್ಟಳು.

ಡಿಸೆಂಬರ್ 6

ಇವತ್ತು ಬೋಟು ಹೊರಡುವ ದಿನ. ತಡವಾಗಿ ಹೋದೆ, ಎಲ್ಲರೂ ಒಳಗಿದ್ದರು. ಹೊರಡುವವರಿಗೆ ಒಳ್ಳೆಯದಾಗಲಿ ಅಂತ ಒಳಗೆ ಹೋಗುವ ಮೊದಲು ಕಬ್ಬಿಣ ಮುಟ್ಟೋಣ ಅನ್ನಿಸಿತು. ಕೈಗೆ ಸಿಕ್ಕಿದ್ದು ಗೋಡೆಯ ತಗಡು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದೆ.

ಬಾಗಿಲು ತೆರೆದರೆ ಒಳಗೆ ಒಬ್ಬನೂ ಅಲುಗುತ್ತಿರಲಿಲ್ಲ. ಮುಖಗಳೆಲ್ಲ ಐಸಿನ ಬಣ್ಣ. ವಿಲ್ಫ್‌ನ ಚಾಕು ನೆಲದ ಮೇಲೆ ಬಿದ್ದಿತ್ತು. ಅವನು ತಗಡಿನ ಕಡೆ ನೋಡುತ್ತಾ ಹ್ಞೂಂ ಅಂದ, ಬಹಳ ಸಣ್ಣಗೆ. ಆಮೇಲೆ ನನ್ನನ್ನು ನೋಡಿದ.

ಚಾಕು ಎತ್ತಿ ಕೊಟ್ಟೆ. ತೆಗೆದುಕೊಂಡ. ಚಳಿ ಜೋರಾಗಿದೆ ಈ ವಾರ.

ಡಿಸೆಂಬರ್ 12, ಬುಧವಾರ

ಉದ್ದ ಬರೆಯಬೇಕು. ಮರೆಯುವ ಮೊದಲು ಬರೆಯಬೇಕು.

ಚಹಾದ ಹೊತ್ತು. ವಿಲ್ಫ್‌ನ ಸರದಿ. ಎರಡು ಲೋಟ ಹಿಡಿದು ಬಂದ, ಒಂದು ಅವನದು, ಇನ್ನೊಂದು ನನ್ನ ನೀಲಿ ಲೋಟ. ಹಬೆಯಾಡುತ್ತಿತ್ತು. ನನ್ನ ಮುಂದಿಟ್ಟ. ಇಡೀ ಶೆಡ್ಡು ಚಾಕು ನಿಲ್ಲಿಸಿತು.

ಅಂಗಿ ಜೇಬಿನಿಂದ ಕಾರ್ಡು ತೆಗೆದ. ಮೂಲೆಗಳು ಮೆತ್ತಗಾಗಿದ್ದವು.

"ಎಡ್ನಾ ಇದನ್ನ ಓದಿ ನಕ್ಕಳು ಕಣೋ," ಅಂದ. "ಹುಡುಗ ಹೋದ್ಮೇಲೆ ಮೊದಲ್ನೇ ಸಲ. ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಅತ್ತಳು. ಆದ್ರೆ ಮೊದಲು ನಕ್ಕಳು."

ನಾನು ಚಹಾ ನೋಡುತ್ತಿದ್ದೆ.

ಕೀತ್ ಹೋಗಿದ್ದ ಬೋಟು ನಡೆಸುವ ತಾಂಡೇಲ ಅವರ ಮನೆಗೆ ಬಂದಿದ್ದನಂತೆ. ಅವನು ಹೇಳಿದ್ದನ್ನು ವಿಲ್ಫ್ ನಿಧಾನವಾಗಿ ಹೇಳಿದ. ಕೀತ್‌ಗೆ ಆ ರಬ್ಬರಿನದು ಮೊದಲ ದಿನವೇ ಸಿಕ್ಕಿತ್ತಂತೆ. ಎಲ್ಲರೂ ಎಸಿ ಎಸಿ ಅಂತ ಬೈದರೂ ಎಸೆಯಲಿಲ್ಲ. ಮಲಗಿದವರ ಕಿವಿ ಹತ್ತಿರ ಹಿಡಿದು ಒತ್ತುವುದು, ಓಡುವುದು. ಬೋಟಿನಲ್ಲಿ ಅಂಥ ನಗು ಯಾವ ಸಲವೂ ಇರಲಿಲ್ಲವಂತೆ. ಹಗ್ಗ ಹಳೆಯದಾಗಿತ್ತು, ಬದಲಿಸಬೇಕಿತ್ತು, ತಾಂಡೇಲ ಅದನ್ನೂ ಹೇಳಿ ಟೋಪಿ ಕೈಯಲ್ಲಿ ಹಿಡಿದು ಅತ್ತನಂತೆ.

"ನಿನ್ನ ಹತ್ರ ಮಾತಾಡಬಾರದು ಅಂತ ನಾನು ಯಾರಿಗೂ ಹೇಳಿರಲಿಲ್ಲ," ಅಂದ ವಿಲ್ಫ್. "ನನಗೆ ಬಾಯಿ ಬರ್ತಿರಲಿಲ್ಲ. ಅವರೆಲ್ಲ ನನ್ನ ನೋಡ್ಕೊಂಡು ಸುಮ್ಮನಾದ್ರು. ಆಮೇಲೆ ಶುರು ಮಾಡೋದು ಹೇಗೆ ಅಂತ ಯಾರಿಗೂ ಗೊತ್ತಾಗಲಿಲ್ಲ."

ಆಮೇಲೆ ಅವನು ನೆಟ್ಟಗೆ ನಿಂತು ಆ ಮಾತು ಅಂದ. ಆ ಪ್ರಾಣಿಯ ಹೆಸರು. ಜೋರಾಗಿ, ಧಕ್ಕೆಗೆಲ್ಲ ಕೇಳುವ ಹಾಗೆ, ಮೂರು ಸಲ. ಒಂದೇ ಮಗನನ್ನು ಕಡಲಿಗೆ ಕೊಟ್ಟವನು.

"ನೋಡು," ಅಂದ. "ಮೇಲಿಂದ ಏನಾದ್ರೂ ಬಿತ್ತಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬ. ನಗು ಬರಲು ಬಾಗಿಲಲ್ಲಿ ನಿಂತ ಹಾಗಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ನನ್ನ ಕೈ ಆಗಲೇ ನಲ್ಲಿಯ ಕಬ್ಬಿಣದ ಮೇಲಿತ್ತು. ಅಂಗೈ ಅಂಟಿಕೊಳ್ಳುವಷ್ಟು ತಣ್ಣಗಿತ್ತು, ಬಿಡಲಿಲ್ಲ.

"ಸುಮ್ನಿರು ವಿಲ್ಫ್," ಅಂದೆ. "ಬೋಟ್‌ಗಳು ಹೊರಗಿದಾವೆ."

"ತಮಾಷೆ ಮಾಡ್ತಿದೀಯ, ಅಲ್ವಾ?" ಅಂದ ಅವನು. "ಕ್ಲಿಫ್?"

ಇಂಥ ವಿಷಯದಲ್ಲಿ ತಮಾಷೆ ಏನು. ಅವನೇ ತಿಳಿದುಕೊಳ್ಳಬೇಕಿತ್ತು. ವಿಲ್ಫ್ ನನ್ನ ಕೈ ನೋಡಿದ, ನಲ್ಲಿ ನೋಡಿದ. ಅವನ ಮುಖ ಚಾಪೆಲ್ಲಿನಲ್ಲಿ ಕೀತ್‌ನ ಹೆಣವಿಲ್ಲದೆ ಪ್ರಾರ್ಥನೆ ಮಾಡಿದ ದಿನ ಹೇಗಿತ್ತೋ ಹಾಗಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ, "ತಗಡು ಮಾತ್ರ ಬಡೀಬೇಡ ಕಣೋ. ಅದೊಂದು ಬೇಡ," ಅಂದ. ತನ್ನ ಹಲಗೆಗೆ ಹೋದ.

ಯಾವ ತಗಡು ಅಂತ ಕೇಳಬೇಕು ಅಂದುಕೊಂಡೆ. ಚಹಾ ಆರಿಹೋಗಿತ್ತು.

ಈಗ ಮೊದಲ ಪುಟ ತಿರುಗಿಸಿದೆ. ಆ ಹೆಸರನ್ನು ಎಷ್ಟು ಸಲ ಬರೆದಿದ್ದೇನೆ, ಅದೂ ನಗುತ್ತಾ. ಆ ಪುಟ ಇನ್ನು ತೆರೆಯುವುದಿಲ್ಲ. ಅಂಟು ಹಚ್ಚಿ ಮುಚ್ಚಿದೆ.

ಡಿಸೆಂಬರ್ 14

ಎಲ್ಲರೂ ಮಾತಾಡುತ್ತಿದ್ದಾರೆ. ಒಬ್ಬ ಸಿಗರೇಟು ಕೊಟ್ಟ. ಒಬ್ಬ ನನ್ನದೇ ಹಳೆಯ ಜೋಕು ನನಗೇ ಹೇಳಿದ, ಕೊನೆಯ ಸಾಲು ತಪ್ಪಾಗಿ. ಲೋಟ ದಿನಾ ತುಂಬಿರುತ್ತದೆ. ಒಳ್ಳೆ ಜನ.

ಬೋಟುಗಳೆಲ್ಲ ಒಳಗೆ ಬರಲಿ, ಆಮೇಲೆ ನಾನೂ ಮಾತಾಡುತ್ತೇನೆ. ಕ್ರಿಸ್‌ಮಸ್‌ಗೆ ಎಲ್ಲ ಬರುತ್ತವಲ್ಲ. ಅಲ್ಲಿಯವರೆಗೆ ಬಾಯಿ ಭದ್ರ ಇಟ್ಟುಕೊಳ್ಳುವುದು ಲೇಸು. ಬೆರಿಲ್‌ಗೂ ಇದನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಅವಳು ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದಳು.

ಡಿಸೆಂಬರ್ 19

ಬಡಿತ ಇಲ್ಲ. ಕಾದೆ.

ಡಿಸೆಂಬರ್ 21

ಇಲ್ಲ.

ಡಿಸೆಂಬರ್ 25, ಮಂಗಳವಾರ

ಕ್ರಿಸ್‌ಮಸ್. ನಮ್ಮೂರಲ್ಲಿ ಈ ದಿನ ಬೆಳ್ಳಂಬೆಳಗ್ಗೆ ಹಿಟ್ಟಿನೊಳಗೆ ಬೇಯಿಸಿದ ಮಾಂಸದ ಪೈ ತಿನ್ನದ ಮನೆ ಇಲ್ಲ. ಯಾವ ಮಾಂಸ ಅಂತ ಬರೆಯುವುದಿಲ್ಲ. ಎಡ್ನಾ ತನ್ನ ಕೈಯಾರೆ ಮಾಡಿ ಕಳಿಸಿದ್ದಳು. ಮೇಲೆ ಹಿಟ್ಟಿನಲ್ಲಿ ಸಣ್ಣದೊಂದು ಡೊಂಕು ಬಾಲ ಮಾಡಿ ಅಂಟಿಸಿದ್ದಳು. ಬೆರಿಲ್ ಅದನ್ನು ನೋಡಿ, "ನೋಡೋ, ನೋಡೋ ಇಲ್ಲಿ," ಅಂತ ನಕ್ಕು, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ನಾನು ಆಗಲೇ ಒಲೆಯ ಕಬ್ಬಿಣ ಹಿಡಿದು ನಿಂತಿದ್ದೆ. ಪೈಯನ್ನು ಹಿತ್ತಲಲ್ಲಿ ಹೂತು ಬಂದೆ. ಎಡ್ನಾಗೆ ಗೊತ್ತಾಗುವುದು ಬೇಡ.

ಮಧ್ಯಾಹ್ನ ಬೆರಿಲ್ ಕೋಟು ಹಾಕಿಸಿ, ಗುಂಡಿ ಹಾಕಿ, ಕೈ ಹಿಡಿದು ಧಕ್ಕೆಗೆ ಕರೆದುಕೊಂಡು ಹೋದಳು. ಬೋಟುಗಳೆಲ್ಲ ಒಂದಕ್ಕೊಂದು ಅಂಟಿ ನಿಂತಿದ್ದವು. ಹಗ್ಗಕ್ಕೆ ಬಣ್ಣದ ದೀಪ ಕಟ್ಟಿದ್ದರು. ನಡುವೆ ನೀರೇ ಕಾಣದು. ವಿಲ್ಫ್ ಮತ್ತು ಎಡ್ನಾ ಕೂಡ ಬಂದಿದ್ದರು, ದೂರದಲ್ಲಿ ತೋಳು ಹಿಡಿದು ನಿಂತಿದ್ದರು. ವಿಲ್ಫ್ ನನ್ನ ಕಡೆ ತಲೆಯಾಡಿಸಿದ.

"ನೋಡು, ಎಲ್ಲಾ ಬಂದವು," ಅಂದಳು ಬೆರಿಲ್. ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. "ಎಲ್ಲಾ ಒಳಗಿದಾವೆ ಕ್ಲಿಫ್. ನೀನೇ ಬರೆದುಕೊಟ್ಟಿದ್ದೆ. ಇನ್ನಾದ್ರೂ ಮಾತಾಡು."

ನಾನು ಒಂದೊಂದೇ ಬೋಟು ನೋಡಿದೆ. ಕೀತ್‌ನ ಬೋಟೂ ಇತ್ತು, ಹೊಸ ಹಗ್ಗ ಸುತ್ತಿಟ್ಟಿದ್ದರು. ಎಲ್ಲ ಬೋಟೂ ಬಂದಿದ್ದವು, ನಿಜ. ಎಲ್ಲರೂ ಎಲ್ಲಿ ಬಂದಿದ್ದಾರೆ.

ಬೆರಿಲ್ ನನ್ನ ಮುಖ ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಏನಾಗ್ತಿದೆಯೋ ನಿನಗೆ, ಅದನ್ನಾದ್ರೂ ಹೇಳು ಅಂದಳು. ಅವಳಿಗೆ ಉತ್ತರ ಕೊಡದಿರುವುದು ತಪ್ಪು. ಜೇಬಿನಿಂದ ಪೆನ್ಸಿಲ್ ತೆಗೆದು, ಅವಳ ಅಂಗೈ ಬಿಡಿಸಿ, ಅದರ ಮೇಲೆ ಬರೆದೆ.

ಸ್ವಲ್ಪ ಸುಸ್ತು. ಅಷ್ಟೇ.